ಇಬ್ಬರ ಕೂಸು

ದೀಪಾವಳಿ ಪಾಡ್ಯದ ದಿನ ಮುಂಜಾನೆ ಫೋನು ಹತ್ತಿದಾಗ ಸಮತಾಳಿಗೆ ಮೊದಲು ಕೇಳಿಸಿದ್ದು ಅವ್ವನ ದನಿಯಲ್ಲ, ಮಾಸೂರಿನ ಗದ್ದಲ. ಅಲ್ಲಿ ಆಗಲೇ ಹಬ್ಬದ ಓಟಕ್ಕೆ ಹೋರಿ ಬಿಡುವ ಹೊತ್ತು. ಹಲಗೆಯ ಬಡಿತ, ಪೀಪಿಯ ಸದ್ದು, ಮೈಕಿನಲ್ಲಿ ಹೋರಿಗಳ ಹೆಸರು ಕೂಗುತ್ತಿದ್ದವನ ಒಡೆದ ಗಂಟಲು. ಅದರ ನಡುವೆ ಅವ್ವ ಅಳುತ್ತಿದ್ದಳು.

“ನಿಮ್ಮ ಅತ್ತಿ ಕೂಸಿನ್ನ ಒಯ್ದಳವಾ.”

“ಒಯ್ದಳು ಅಂದ್ರ? ಹಬ್ಬಕ್ಕೇನು?”

“ಹಬ್ಬಕ್ಕಂತ ಬಾಯಿಲೆ ಅಂದ್ಲು. ಆದ್ರ ಬಟ್ಟಿಬರಿ ಎಲ್ಲಾ ಕಟಗೊಂಡ್ಲು. ತೊಟ್ಟಿಲಾನೂ ಟಂಟಂ ಗಾಡ್ಯಾಗ ಹಾಕಿಸಿದ್ಲು. ತೊಟ್ಟಿಲಾ ಒಯ್ದಾರು ಹೊಳ್ಳಿ ತರತಾರೇನ?”

“ಇವರು ಎಲ್ಲಿದ್ರು?”

“ಅಳಿಯಾ ಟಂಟಂ ಬಾಜೂಕ ತೆಲಿ ಬಗ್ಗಿಸಿ ನಿಂತಿದ್ದ. ಒಂದ ಮಾತು ಆಡಲಿಲ್ಲ. ನಾ ಒಬ್ಬಾಕಿ ಏನ್ ಮಾಡ್ಲಿ…”

ಅಷ್ಟಕ್ಕೆ ಮಾತು ಕಡಿಯಿತು. ಮತ್ತೆ ಹಚ್ಚಿದಳು. ಹತ್ತಲಿಲ್ಲ. ಅವಳಿದ್ದ ದಕ್ಷಿಣ ಸುಡಾನಿನ ಆ ಮೂಲೆಯಲ್ಲಿ ಇದ್ದದ್ದು ಒಂದೇ ಟವರು. ಅದರ ಜನರೇಟರಿಗೆ ಡೀಸೆಲ್ ಇದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಸಮತಾ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಫೋನು ಎತ್ತಿ ಹಿಡಿದು ಅತ್ತಿಂದಿತ್ತ ತಿರುಗಿದಳು. ಫೋನು ತೆಗೆದು ಕಲ್ಲಿಗೆ ಅಪ್ಪಳಿಸಬೇಕು ಅನ್ನಿಸಿತು.

ಮಗಳು ಯಶೋಧರಾಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಸಮತಾ ಮಿಲಿಟರಿ ಪೊಲೀಸಿನಲ್ಲಿ ಲಾನ್ಸ್ ನಾಯಕ್. ವಿಶ್ವಸಂಸ್ಥೆಯ ಶಾಂತಿಪಡೆಗೆ ಹೆಣ್ಣುಮಕ್ಕಳ ತುಕಡಿಯೊಂದು ಹೋಗಬೇಕು ಎಂದು ಆಯ್ಕೆ ನಡೆದಾಗ ಅವಳ ಹೆಸರೂ ಬಂತು. ಆಗಲೇ ಜಗಳ ಹತ್ತಿತ್ತು. ಗಂಡ ಜಗದೀಶ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುವವನು, ಒಳ್ಳೆಯವನು, ಆದರೆ ತಾಯಿಯ ಮುಂದೆ ಬಾಯಿ ಇಲ್ಲ. ಅತ್ತೆ ದ್ಯಾಮವ್ವ ಕಡ್ಡಿ ಮುರಿದ ಹಾಗೆ ಹೇಳಿದ್ದಳು: “ನಮ್ಮ ಮನಿ ಕೂಸು ನಮ್ಮ ಮನ್ಯಾಗ ಇರಬೇಕು.” ಸಮತಾ ಕೇಳಲಿಲ್ಲ. ಕೂಸನ್ನು ಮಾಸೂರಿಗೆ ಒಯ್ದು ತನ್ನ ಅವ್ವ ಮಂಜವ್ವನ ಮಡಿಲಿಗೆ ಹಾಕಿ ವಿಮಾನ ಹತ್ತಿದ್ದಳು. ಅಂದಿನಿಂದ ದ್ಯಾಮವ್ವ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಈಗ ಸೊಸೆ ಸಮುದ್ರದಾಚೆ ಇದ್ದಾಳೆಂದು ಹೊತ್ತು ನೋಡಿ ಕೂಸನ್ನೇ ಎತ್ತಿಕೊಂಡು ಹೋಗಿದ್ದಳು.

“ಸಮತಾ, ಗಾಡಿ ಹತ್ತವಾ, ಸಾಹೇಬ್ರು ಒದರಾಕತ್ತಾರ!” ಕೆಳಗಿನಿಂದ ನಿಯಾಜ ಕೂಗಿದ. ಸವಣೂರಿನವನು, ಡ್ರೈವರು, ಅವಳಿಗಿಂತ ಹತ್ತು ವರ್ಷ ದೊಡ್ಡವನು. ಇಡೀ ಕ್ಯಾಂಪಿನಲ್ಲಿ ಅವಳಿಗೆ ಕನ್ನಡದಲ್ಲಿ ಬೈಯಲು, ಬೈಸಿಕೊಳ್ಳಲು ಇದ್ದವನು ಅವನೊಬ್ಬನೇ. ಹತ್ತಿರ ಬಂದಾಗ ಅವಳ ಮುಖ ನೋಡಿ, “ಯಾಕ, ಏನಾತು?” ಎಂದ.

“ಏನಿಲ್ಲ ನಿಯಾಜಣ್ಣ. ನಡೀರಿ.”

ಹೊರಟದ್ದು ಎರಡು ಬಿಳಿ ಗಾಡಿ. ಮುಂದಿನದರಲ್ಲಿ ನಿಯಾಜ, ಪಕ್ಕದಲ್ಲಿ ಸುಬೇದಾರ ಸಾಹೇಬರು, ಹಿಂದೆ ಸಮತಾ ಮತ್ತು ದುಭಾಷಿ ಮಾಬಿಯೋರ್. ಇನ್ನೊಂದರಲ್ಲಿ ನಾಲ್ವರು ಜವಾನರು. ಹಬ್ಬದ ದಿನ ಗಸ್ತು ಇರಲಿಲ್ಲ. ಅಡುಗೆಮನೆಯಲ್ಲಿ ಪೂರಿ ಕರಿಯುವ ವಾಸನೆ ಹರಡಿತ್ತು. ಆದರೆ ಮುಂಜಾನೆ ನಿರಾಶ್ರಿತರ ಶಿಬಿರದಿಂದ ಸುದ್ದಿ ಬಂದಿತ್ತು: ಒಂದು ಕೂಸಿಗೆ ಮಲೇರಿಯಾ ನೆತ್ತಿಗೇರಿದೆ, ಸೆಳೆತ ಬರುತ್ತಿದೆ, ಅಲ್ಲಿನ ದವಾಖಾನೆಯಲ್ಲಿ ಔಷಧ ಮುಗಿದಿದೆ. ದೊಡ್ಡ ಕ್ಯಾಂಪಿನಲ್ಲಿರುವ ನಮ್ಮ ಫೌಜಿನ ಆಸ್ಪತ್ರೆಗೆ ಸಾಗಿಸಬೇಕು. ತಾಯಿ ಗಂಡಸರ ಗಾಡಿ ಹತ್ತಲಾರೆ ಎಂದಿದ್ದಳಂತೆ. ಅದಕ್ಕೇ ಸಮತಾ.

ಶಿಬಿರದ ಬಾಗಿಲಲ್ಲಿ ಕಾಯುತ್ತಿದ್ದ ತಾಯಿಯ ಹೆಸರು ಅಚೋಲ್. ಸಮತಾಳದೇ ವಯಸ್ಸಿರಬೇಕು. ಉದ್ದಕ್ಕೆ, ಒಣಗಿದ ಮೈ, ಕಣ್ಣಲ್ಲಿ ನಿದ್ದೆ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ಎದೆಗೊತ್ತಿಕೊಂಡು ಗಾಡಿ ಹತ್ತಿದಳು. ಸಮತಾ ಕೂಸಿನ ಹಣೆ ಮುಟ್ಟಿದಳು. ಕಾದ ಹಂಚು. ವಯಸ್ಸು ಕೇಳಲಿಲ್ಲ. ಕಾಲಿನ ಉದ್ದ ನೋಡಿದರೇ ಗೊತ್ತಾಗುತ್ತಿತ್ತು, ಯಶೂನ ವಾರಿಗೆಯದು.

ಅವಳನ್ನು ಕರೆತರಲು ಇಳಿದಿದ್ದ ಮಾಬಿಯೋರ್ ಮತ್ತೆ ಗಾಡಿ ಹತ್ತಲಿಲ್ಲ. ಬಾಗಿಲು ಹಿಡಿದು ನಿಂತು ಸುಬೇದಾರರಿಗೆ ಹೇಳಿದ: “ಸರ್, ಒಂದು ತೊಂದರೆ ಇದೆ. ಇವಳ ಗಂಡನ ಪಂಗಡ ಬೇರೆ. ಮಳೆಗಾಲದಲ್ಲಿ ದನದ ಜಗಳದಲ್ಲಿ ಗಂಡ ಸತ್ತ. ಕೊಂದವರು ಇವಳ ತವರಿನ ಕಡೆಯವರು. ಅದಾದ ಮೇಲೆ ಇವಳು ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಶಿಬಿರಕ್ಕೆ ಓಡಿ ಬಂದಳು. ಗಂಡನ ಕಡೆಯವರು ಕೂಸನ್ನು ಹುಡುಕುತ್ತಿದ್ದಾರೆ. ಅವರ ದನದ ಹಟ್ಟಿ ಇರುವುದು ನಾವು ಹೋಗುವ ದಾರಿಯಲ್ಲೇ.”

“ಬೇರೆ ದಾರಿ?”

“ನೀರಲ್ಲಿ ಮುಳುಗಿದೆ.”

ಸುಬೇದಾರರು ಕೂಸಿನ ಕಡೆ ನೋಡಿದರು. ಅದರ ಕಣ್ಣು ಅರೆ ತೆರೆದು ಬಿಳಿಗುಡ್ಡೆ ಕಾಣುತ್ತಿತ್ತು. “ಚಲೋ,” ಎಂದರು.

ಆ ನೆಲ ಶಿಗ್ಗಾಂವಿ ಕಡೆಯ ಎರೆ ಹೊಲದಂಥದ್ದೇ. ಮಳೆಗಾಲ ಮುಗಿಯುತ್ತ ಬಂದಿದ್ದರೂ ಗಾಲಿ ಹಿಡಿದರೆ ಬಿಡುತ್ತಿರಲಿಲ್ಲ. ನಿಯಾಜ ಬಾಯಲ್ಲಿ ಏನೋ ಪಠಿಸುತ್ತ, ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಗಾಡಿಯನ್ನು ಕೆಸರಿನ ಮೇಲೆ ತೇಲಿಸಿಕೊಂಡು ಹೋದ. ಸಮತಾ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತಿದ್ದಳು. ಕೈ ಇಲ್ಲಿ, ಮನಸ್ಸು ಅಕ್ಕಿಆಲೂರಿನಲ್ಲಿ. ಅತ್ತೆಗೆ ಹೇಳಬೇಕಾದ ಮಾತುಗಳು ಒಂದರ ಮೇಲೊಂದು ಬಾಯಿಗೆ ಬರುತ್ತಿದ್ದವು. ನಾ ಸತ್ತೇನಂತ ತಿಳಕೊಂಡ್ರೇನ್ರಿ? ಕಳ್ಳರ ಗತೆ ಬಂದು ಒಯ್ಯಾಕ ಅದೇನು ಕೋಳಿ ಮರಿಯೇನ್ರಿ?

ಒಂದು ತಿರುವು ಕಳೆದದ್ದೇ ನಿಯಾಜ ಬ್ರೇಕು ಒತ್ತಿದ.

ದಾರಿಗಡ್ಡ ಒಂದು ಮರದ ದಿಮ್ಮಿ. ಅದರಾಚೆ ದನ. ಬಿಳಿ, ಬೂದು, ಕಪ್ಪು ಮಚ್ಚೆಯ ದನ, ದಾರಿ ತುಂಬ, ದಾರಿಯ ಎರಡೂ ಮಗ್ಗುಲಿಗೆ, ಕೋಡುಗಳೇ ಒಂದು ಕಾಡು. ದಿಮ್ಮಿಯ ಮೇಲೆ, ಮರದ ಕೆಳಗೆ, ದನಗಳ ನಡುವೆ ಮೈಗೆ ಬೂದಿ ಬಳಿದುಕೊಂಡ ಹರೆಯದ ಪೋರರು. ಪ್ರತಿಯೊಬ್ಬನ ಹೆಗಲಿಗೂ ಬಂದೂಕು.

“ಯಾ ಅಲ್ಲಾ,” ಎಂದ ನಿಯಾಜ, ಮೆಲ್ಲಗೆ.

ಹಿಂದೆ ತಿರುಗಿಸುವಂತಿರಲಿಲ್ಲ. ಹಿಂದಿನ ಗಾಡಿಯ ಬೆನ್ನಿಗೂ ನಾಲ್ಕೈದು ಜನ ಬಂದು ನಿಂತಿದ್ದರು. ಸುಬೇದಾರರು ಬಂದೂಕನ್ನು ಸೀಟಿನ ಮೇಲೆ ಬಿಟ್ಟು, ಕೈ ಎರಡೂ ಕಾಣುವಂತೆ ಹಿಡಿದು ಇಳಿದರು. ಇಳಿಯುವಾಗ ಹಿಂದೆ ತಿರುಗಿ ಹೇಳಿದರು: “ಏನೇ ಆಗಲಿ, ಮೊದಲ ಗುಂಡು ನಮ್ಮದಾಗಬಾರದು.”

ಗುಂಪಿನಿಂದ ಒಬ್ಬ ಮುಂದೆ ಬಂದ. ಬಿದಿರಿನ ಹಾಗೆ ಎತ್ತರ, ಇಪ್ಪತ್ತೆರಡೋ ಮೂರೋ ವಯಸ್ಸು. ಅವನನ್ನು ಕಂಡದ್ದೇ ಅಚೋಲ್ ಕೂಸನ್ನು ಸೀಟಿನ ಕೆಳಗೆ ತಳ್ಳಲು ಹೋದಳು. ಸಮತಾ ತಡೆದು ಕೂಸನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅವನು ಆಗಲೇ ಕಿಟಕಿಯಲ್ಲಿ ಇಣುಕಿದ್ದ.

“ಕುವೋಲ್,” ಎಂದು ಮಾಬಿಯೋರ್ ಪಿಸುಗುಟ್ಟಿದ. “ಸತ್ತವನ ತಮ್ಮ.”

ಕುವೋಲ್ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಸುಬೇದಾರರ ಮುಂದೆ ನಿಂತು ಒಂದೊಂದೇ ಮಾತು ಆಡಿದ. ಮಾಬಿಯೋರ್ ತಿಳಿಸಿದ: “ಹೆಂಗಸು ಎಲ್ಲಿ ಬೇಕಾದರೂ ಹೋಗಲಿ. ಕೂಸನ್ನು ಬಿಟ್ಟು ಹೋಗಿ. ಅದು ನನ್ನ ಅಣ್ಣನ ಕೂಸು. ಮದುವೆಗೆ ನಾವು ದನ ಕೊಟ್ಟಿದ್ದೇವೆ.”

“ಕೂಸಿಗೆ ಜಡ್ಡಾಗಿದೆ. ಆಸ್ಪತ್ರೆಗೆ ಒಯ್ಯುತ್ತಿದ್ದೇವೆ. ವಾಸಿಯಾದ ಮೇಲೆ ಹಿರಿಯರು ಕೂತು ಮಾತಾಡಿ.”

“ನಿಮ್ಮ ಬಿಳಿ ಗಾಡಿ ಹತ್ತಿದವರು ಹೊಳ್ಳಿ ಬಂದದ್ದನ್ನು ನಾನು ನೋಡಿಲ್ಲ.”

ಸುಬೇದಾರರು ರೇಡಿಯೋದಲ್ಲಿ ಕ್ಯಾಂಪಿಗೆ ತಿಳಿಸಿದರು. ಉತ್ತರ ಎಲ್ಲರಿಗೂ ಕೇಳಿಸಿತು. ಕೂಸನ್ನು ಕೊಡಬೇಡಿ. ಗುಂಡು ಹಾರಿಸಬೇಡಿ. ಕಾಯಿರಿ. ಇನ್ನೊಂದು ತುಕಡಿ ಕಳಿಸುತ್ತೇವೆ, ಕೆಸರಿದೆ, ಮಧ್ಯಾಹ್ನದ ಮೇಲಾಗುತ್ತದೆ.

ಅಷ್ಟರಲ್ಲಿ ಸಮತಾಳ ತೊಡೆಯ ಮೇಲೆ ಕೂಸು ಬಿಲ್ಲಿನಂತೆ ಬಗ್ಗಿತು. ಹಲ್ಲು ಕಚ್ಚಿತು. ಕೈಕಾಲು ಝಾಡಿಸತೊಡಗಿತು. ಅವಳು ಅದನ್ನು ಮಗ್ಗುಲಿಗೆ ತಿರುಗಿಸಿ ಬಾಯಿಯ ನೊರೆ ಒರೆಸಿದಳು. ಅಚೋಲ್ ಕೂಗಿಕೊಂಡಳು.

ಆ ಕೂಗಿಗೆ ಕುವೋಲ್ ಹಾರಿ ಬಂದು ಬಾಗಿಲು ಎಳೆದ. ಅಚೋಲಳ ರಟ್ಟೆ ಹಿಡಿದು ಹೊರಕ್ಕೆ ಜಗ್ಗಿದ. ಅವಳು ಕೆಸರಿಗೆ ಬಿದ್ದಳು. ಸಮತಾ ಕೂಸನ್ನು ಎಡಗೈಯಲ್ಲಿ ಅವುಚಿಕೊಂಡು ಇಳಿದು ಇಬ್ಬರ ನಡುವೆ ನಿಂತಳು. ಬಲಗೈ ತನ್ನಷ್ಟಕ್ಕೇ ಬಂದೂಕಿನ ಮೇಲೆ ಹೋಗಿತ್ತು. ಹೆಬ್ಬೆರಳು ಸೇಫ್ಟಿಯನ್ನು ತಳ್ಳಿದ ‘ಟಕ್’ ಅವಳಿಗೇ ಕೇಳಿಸಿತು. ಕೇಳಿಸಿದ್ದು ಅವಳಿಗಷ್ಟೇ ಅಲ್ಲ. ದಿಮ್ಮಿಯ ಮೇಲಿದ್ದವರು ಎದ್ದರು. ಒಂದೇ ಸಲಕ್ಕೆ ಅಷ್ಟೂ ಬಂದೂಕು ಅವಳ ಕಡೆ ತಿರುಗಿದವು. ಹಿಂದಿನ ಗಾಡಿಯಿಂದ ನಮ್ಮ ಜವಾನರು ಇಳಿದು ಬಾಗಿಲುಗಳ ಮರೆ ಹಿಡಿದರು. ಪೋರರ ಕಡೆಯಿಂದ ಎಲ್ಲೋ ಒಂದು ಗುಂಡು ಹಾರಿತು. ಆಕಾಶಕ್ಕೋ, ಎಲ್ಲಿಗೋ. ದನಗಳು ಬೆದರಿ ಒಂದರ ಮೇಲೊಂದು ನುಗ್ಗಿದವು.

“ಸಮತಾ!” ನಿಯಾಜ ಸ್ಟೇರಿಂಗಿನಿಂದಲೇ ಹೇಳಿದ, ದನಿ ಏರಿಸದೆ. “ಬಂದೂಕು ಕೆಳಗ ಮಾಡವಾ. ನಿನ್ನ ಕೈಯಾಗ ಕೂಸೈತಿ.”

ಬೆರಳನ್ನು ಬಿಡಿಸಿಕೊಳ್ಳಲು ಇಷ್ಟು ಕಷ್ಟವೆಂದು ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಬಂದೂಕಿನ ಬಾಯಿ ನೆಲಕ್ಕೆ ತಿರುಗಿಸಿದಳು. ಕುವೋಲ್ ಅವಳಿಂದ ಒಂದು ಮೊಳ ದೂರದಲ್ಲಿದ್ದ. ಅವನ ಎದೆಯ ಬೂದಿಯ ಮೇಲೆ ಬೆವರು ಗೆರೆ ಎಳೆಯುತ್ತಿತ್ತು. ಅವನಿಗೂ ಹೆದರಿಕೆಯಿತ್ತು.

ಆಗ ದನಗಳ ನಡುವಿನಿಂದ ಒಬ್ಬ ಮುದುಕಿ ಬಂದಳು. ಬೆದರಿದ ಎತ್ತುಗಳನ್ನು ಕೋಲಿನಿಂದ ಸರಿಸುತ್ತ, ಬೈಯುತ್ತ ಬಂದಳು. ಅವಳಿಗೆ ಪೋರರು ದಾರಿ ಬಿಟ್ಟರು. ಕುವೋಲನ ತಾಯಿ. ಕೂಸಿನ ಅಪ್ಪನ ತಾಯಿ.

ಮುದುಕಿ ನೇರ ಸಮತಾಳ ಮುಂದೆ ಬಂದು ಎರಡೂ ಕೈ ಚಾಚಿದಳು. ಮಾಬಿಯೋರ್ ಹೇಳುವ ಅಗತ್ಯವೇ ಇರಲಿಲ್ಲ. ಕೂಸನ್ನು ಕೊಡು.

ಸಮತಾ ಕೂಸನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಆ ಚಾಚಿದ ಕೈ, ಆ ಹಕ್ಕಿನ ಮುಖ. ನಮ್ಮ ಮನಿ ಕೂಸು ನಮ್ಮ ಮನ್ಯಾಗ ಇರಬೇಕು. ಎಲ್ಲಿ ಹೋದರೂ ಇವರೇ. “ಕೊಡೂದಿಲ್ಲ,” ಎಂದುಬಿಟ್ಟಳು, ಕನ್ನಡದಲ್ಲೇ. “ತಾಯಿ ಇಲ್ಲೇ ಅದಾಳ. ನಿಮಗೆ ಯಾಕ ಕೊಡ್ಲಿ?”

ಮುದುಕಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಅವಳೂ ಏನೋ ಅಂದಳು. ಕೆಸರಿನಿಂದ ಎದ್ದ ಅಚೋಲ್ ಇನ್ನೇನೋ ಕಿರುಚಿದಳು. ಮಾಬಿಯೋರ್ ಯಾರದನ್ನು ಮೊದಲು ಹೇಳಬೇಕೆಂದು ತಿಳಿಯದೆ ನಿಂತ. ಆಮೇಲೆ ಮುದುಕಿಯದನ್ನೇ ಹೇಳಿದ: “ದನ ಬೇಡ, ಏನೂ ಬೇಡ ಅಂತಾಳೆ. ಮಗನನ್ನು ಹೂಳುವಾಗ ಮುಖ ಸಹ ನೋಡಲಾಗಲಿಲ್ಲವಂತೆ. ಅವನ ಮುಖ ಈ ಕೂಸಿನಲ್ಲಿದೆ ಅಂತಾಳೆ.”

ಸಮತಾ ಕೂಸಿನ ಮುಖ ನೋಡಿದಳು. ಕೂಸಿನ ಸೆಳೆತ ನಿಂತಿತ್ತು. ನಿಂತದ್ದು ಒಳ್ಳೆಯದಕ್ಕೆ ಎಂದು ಅನ್ನಿಸಲಿಲ್ಲ. ಅದು ತೊಯ್ದ ಅರಿವೆಯ ಹಾಗೆ ಅವಳ ತೋಳಿನಲ್ಲಿ ಜೋತುಬಿದ್ದಿತ್ತು. ಹೊತ್ತು ಹೋಗುತ್ತಿದೆ. ಇಲ್ಲಿ ಯಾರು ಗೆದ್ದರೇನು?

ಅವಳು ಬಟ್ಟೆ ಸರಿಸಿ, ಕೂಸನ್ನು ಬಿಡದೆ, ಮುದುಕಿಯ ಹತ್ತಿರ ಹಿಡಿದಳು. “ಮುಟ್ಟಿ ನೋಡಲಿ ಅಂತ ಹೇಳು.”

ಮುದುಕಿ ಕೂಸಿನ ಅಂಗಾಲು ಮುಟ್ಟಿದಳು. ಹೊಟ್ಟೆ ಮುಟ್ಟಿದಳು. ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಅವಳ ಮುಖದಲ್ಲಿದ್ದ ಹಕ್ಕು, ಸಿಟ್ಟು ಎಲ್ಲ ಇಳಿದುಹೋಗಿ, ಬರೀ ಒಬ್ಬ ಮುದುಕಿ ಉಳಿದಳು. ಎಷ್ಟು ಮಕ್ಕಳನ್ನು ಹೀಗೆ ಮುಟ್ಟಿ ನೋಡಿದ್ದಳೋ. ತಿರುಗಿ ಮಗನಿಗೆ ಏನೋ ಹೇಳಿದಳು. ಅವನು ಒಲ್ಲೆನೆಂದು ತಲೆಯಾಡಿಸಿದ. ಅವಳು ಮತ್ತೆ ಹೇಳಿದಳು. ಅವನು ದಿಮ್ಮಿಯನ್ನು ಒದ್ದ.

“ದಿಮ್ಮಿ ತೆಗೆ ಅಂತಾಳೆ,” ಎಂದ ಮಾಬಿಯೋರ್. “ಬಿಟ್ಟರೆ ಕೂಸು ಮತ್ತೆ ಸಿಗುವುದಿಲ್ಲ ಅಂತಾನೆ ಅವನು.”

ಸಮತಾ ಸುಬೇದಾರರ ಕಡೆ ತಿರುಗಿದಳು. “ಸಾಹೇಬ್, ಅಜ್ಜಿಯನ್ನೂ ಕರೆದುಕೊಂಡು ಹೋಗೋಣ.”

“ಹೇಗೆ? ಹೆಸರು ಬರೆಸದೆ, ಮೇಲಿನವರ ಅಪ್ಪಣೆ ಇಲ್ಲದೆ ಯಾರನ್ನೂ ಹತ್ತಿಸುವ ಹಾಗಿಲ್ಲ. ನಾಳೆ ಇವಳಿಗೆ ಏನಾದರೂ ಆದರೆ ಅಪಹರಣ ಅಂತಾರೆ.”

“ಕೂಸು ಸಂಜೆತನಕ ತಡೆಯುವುದಿಲ್ಲ ಸಾಹೇಬ್.”

ಅವರು ಉತ್ತರ ಕೊಡುವುದರೊಳಗೆ ಮುದುಕಿ ಕೋಲನ್ನು ಮಗನ ಕೈಗೆ ತುರುಕಿ, ಸೀರೆಯಂಥ ತನ್ನ ಬಟ್ಟೆಯನ್ನು ಮೊಣಕಾಲಿಗೆತ್ತಿ, ಗಾಡಿ ಹತ್ತಿ ಕೂತೇಬಿಟ್ಟಳು. ಕುವೋಲ್ ಬಾಗಿಲಿಗೆ ಅಡ್ಡ ನಿಂತ. ಈಗ ಅವನ ದನಿ ಒಡೆದಿತ್ತು. ಕೂಸೂ ಹೋಗಿ ತಾಯಿಯೂ ಹೋದರೆ ಅವನ ಕೈಯಲ್ಲಿ ಉಳಿಯುವುದೇನು? ನಾನೂ ಬರುತ್ತೇನೆ, ಬಂದೂಕಿನ ಜೊತೆ, ಎಂದ. ಬಂದೂಕು ಹತ್ತಿಸುವುದಿಲ್ಲ ಎಂದರು ಸುಬೇದಾರರು. ಹಾಗಾದರೆ ನಿಮ್ಮವರನ್ನು ಇಲ್ಲಿ ಬಿಟ್ಟು ಹೋಗಿ ಎಂದ.

ಎಲ್ಲರೂ ಸುಬೇದಾರರನ್ನು ನೋಡಿದರು. ಅವರು ನೀಲಿ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. ಕುಮಾವೂನಿನ ಬೆಟ್ಟದ ಮನುಷ್ಯ, ಪೆನ್ಷನ್ನಿಗೆ ಹತ್ತಿರ ಬಂದವರು. ಮಾತು ಕಡಿಮೆ. ನಡೆದು ಹೋಗಿ ದಿಮ್ಮಿಯ ಮೇಲೆ ಕೂತರು.

“ನಾನು ಇಲ್ಲಿರುತ್ತೇನೆ. ಹಿಂದಿನ ಗಾಡಿಯವರೂ ಇರುತ್ತಾರೆ, ಅವರ ಬಂದೂಕು ಅವರ ಹತ್ತಿರವೇ. ಮಾಬಿಯೋರ್ ನನ್ನ ಜೊತೆ. ಹೇಳು ಅವನಿಗೆ, ಅವನ ತಾಯಿ ಬರುವ ತನಕ ನಾನು ಏಳುವುದಿಲ್ಲ. ಆದರೆ ನಾನು ಕೂತ ಈ ದಿಮ್ಮಿ ಮೊದಲು ಬದಿಗೆ ಸರಿಯಬೇಕು.”

ಕುವೋಲ್ ತಾಯಿಯ ಕೋಲನ್ನು ಕೆಸರಿಗೆ ನೆಟ್ಟ. ಆಮೇಲೆ ದಿಮ್ಮಿ ಸರಿಸಲು ಪೋರರಿಗೆ ಕೈಸನ್ನೆ ಮಾಡಿದ.

ಗಾಡಿ ದನಗಳ ನಡುವೆ ನುಸುಳುವಾಗ ಸಮತಾ ಹಿಂದೆ ನೋಡಿದಳು. ಸುಬೇದಾರರು ದಾರಿಯ ಬದಿಯಲ್ಲಿ, ಅಷ್ಟೊಂದು ಬಂದೂಕುಗಳ ನಡುವೆ, ಬಸ್ಸು ಕಾಯುವವರ ಹಾಗೆ ಕೂತಿದ್ದರು. ಕೂಸಿಗೆ ಏನಾದರೂ ಆದರೆ ಅವರ ಗತಿ? ಆ ವಿಚಾರವನ್ನು ಅವಳು ಮುಂದಕ್ಕೆ ಬೆಳೆಯಗೊಡಲಿಲ್ಲ.

ಈಗ ಗಾಡಿಯಲ್ಲಿ ದುಭಾಷಿ ಇಲ್ಲ, ಆ ಇಬ್ಬರ ಮಾತು ಸಮತಾಳಿಗೂ ನಿಯಾಜನಿಗೂ ತಿಳಿಯದು. ಅಚೋಲ್ ಒಂದು ಬದಿಗೆ, ಮುದುಕಿ ಎದುರಿಗೆ, ನಡುವೆ ಕೂಸು ಹಿಡಿದ ಸಮತಾ. ಅಚೋಲ್ ಅತ್ತೆಯ ಮುಖ ನೋಡಲಿಲ್ಲ. ಗಾಡಿ ಕುಕ್ಕಿದಾಗಲೆಲ್ಲ ಇಬ್ಬರ ಕೈಯೂ ಒಟ್ಟಿಗೇ ಕೂಸಿನ ತಲೆಗೆ ಆಸರೆಯಾಗಲು ಬಂದು, ಒಂದಕ್ಕೊಂದು ತಾಗಿ, ಕೆಂಡ ಮುಟ್ಟಿದ ಹಾಗೆ ಹಿಂದೆ ಸರಿಯುತ್ತಿದ್ದವು.

“ಎಷ್ಟು ದೂರ ಐತಿ ನಿಯಾಜಣ್ಣ?”

“ದೂರ ಕೇಳಬ್ಯಾಡ. ಕೂಸು ಉಸುರಾಡಾಕತ್ತೈತಿಲ್ಲೋ ಅಷ್ಟ ನೋಡು.”

ಅವಳು ನೋಡಿದಳು. ಆಡುತ್ತಿರಲಿಲ್ಲ.

ಮೂಗಿನ ಹತ್ತಿರ ಕೆನ್ನೆ ಒಯ್ದಳು. ಗಾಳಿಯಿಲ್ಲ. ಕೂಸನ್ನು ಸೀಟಿನ ಮೇಲೆ ಮಲಗಿಸಿ, ಗದ್ದ ಎತ್ತಿ, ಬಾಯಿ ಮೂಗು ಎರಡನ್ನೂ ತನ್ನ ಬಾಯಿಂದ ಮುಚ್ಚಿ ಮೆಲ್ಲಗೆ ಊದಿದಳು. ಎದೆ ಏರಿತು, ಇಳಿಯಿತು. ಮತ್ತೆ ಊದಿದಳು. ಅಚೋಲ್ ಅವಳ ಹೆಗಲು ಹಿಡಿದು ಜಗ್ಗತೊಡಗಿದಳು, ಇವಳೇನೋ ಕೂಸಿನ ಜೀವ ಹೀರುತ್ತಿದ್ದಾಳೆ ಎಂಬ ಹಾಗೆ. ಅವಳನ್ನು ಹಿಂದಕ್ಕೆ ಎಳೆದು, ತನ್ನ ಎದೆಗೆ ಒತ್ತಿ ಹಿಡಿದವಳು ಮುದುಕಿ. ಅಚೋಲ್ ಕೊಸರಾಡಿದಳು, ಗುದ್ದಿದಳು. ಮುದುಕಿ ಬಿಡಲಿಲ್ಲ.

ಮತ್ತೊಮ್ಮೆ. ಇನ್ನೊಮ್ಮೆ. ಕೂಸು ಒಂದು ಸಣ್ಣ ಕೆಮ್ಮು ಕೆಮ್ಮಿತು. ಆಮೇಲೆ ಕ್ಷೀಣವಾಗಿ, ಬೆಕ್ಕಿನ ಮರಿಯ ಹಾಗೆ, ಅತ್ತಿತು.

“ಅತ್ತತಲ್ಲ! ಅತ್ತತಿಲ್ಲೋ?” ಎಂದು ನಿಯಾಜ ಮುಂದಿನಿಂದ ಒದರಿದ. ಅವನ ದನಿಯೂ ಅಳುವಿನದೇ ಆಗಿತ್ತು. ಗಾಡಿ ಇನ್ನೂ ಜೋರಾಯಿತು.

ಆಸ್ಪತ್ರೆಯ ಡೇರೆಯಲ್ಲಿ ಡಾಕ್ಟರು ಕೂಸಿನ ಕಾಲಿಗೆ ಸೂಜಿ ಚುಚ್ಚಿ ಗ್ಲೂಕೋಸು ಹಚ್ಚಿದರು, ಮಲೇರಿಯಾದ ಇಂಜೆಕ್ಷನ್ ಕೊಟ್ಟರು, ಎಲ್ಲರನ್ನೂ ಹೊರಗೆ ಕಳಿಸಿದರು. ಹೊರಗೆ ಕಾಯುವುದೇ ಕೆಲಸ. ಯಾರೋ ಪೂರಿ, ಜಿಲೇಬಿ ತಂದುಕೊಟ್ಟರು. ಯಾರೂ ಮುಟ್ಟಲಿಲ್ಲ. ಕಳಿಸುತ್ತೇವೆ ಎಂದಿದ್ದ ತುಕಡಿ ಕೆಸರಿನಲ್ಲಿ ಸಿಕ್ಕಿಬಿದ್ದಿತ್ತು. ರೇಡಿಯೋದಲ್ಲಿ ಸುಬೇದಾರರ ದನಿ ಆಗಾಗ ಬರುತ್ತಿತ್ತು: “ಕೂಸು ಹೇಗಿದೆ?” ಅಷ್ಟೇ. ಪ್ರತಿ ಸಲವೂ ಆ ದನಿಯ ಹಿಂದೆ ಜನರ ಗದ್ದಲ ಹೆಚ್ಚುತ್ತಿತ್ತು. ಒಮ್ಮೆ ಯಾರೋ ಗದರಿಸಿದ್ದೂ, ಮಾಬಿಯೋರ್ ಬಿರುಸಾಗಿ ಏನೋ ಹೇಳಿದ್ದೂ ಕೇಳಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರು ಹೊರಬಂದು ಕೈಗವಸು ಕಳಚಿದರು. “ಕಣ್ಣು ಬಿಟ್ಟಿದೆ. ಜ್ವರ ಇಳಿಯುತ್ತಿದೆ. ಬದುಕುತ್ತದೆ.”

ಸಮತಾ ಮುದುಕಿಯನ್ನು ಕೈ ಹಿಡಿದು ರೇಡಿಯೋದ ಹತ್ತಿರ ಕರೆದೊಯ್ದಳು. ಆಸ್ಪತ್ರೆಯ ದುಭಾಷಿ ಗುಂಡಿ ಒತ್ತಿ ಹೇಗೆ ಮಾತಾಡಬೇಕೆಂದು ತೋರಿಸಿದ. ಮುದುಕಿ ಆ ಡಬ್ಬಿಯನ್ನು ನಂಬಲಿಲ್ಲ. ಅತ್ತಲಿಂದ ಮಗನ ದನಿ ಬಂದಾಗ ಬೆಚ್ಚಿದಳು. ಆಮೇಲೆ ಜೋರಾಗಿ, ಹೊಲದ ಆಚೆ ಬದುವಿನಲ್ಲಿ ನಿಂತವನನ್ನು ಕರೆಯುವ ಹಾಗೆ, ಕೂಗಿ ಕೂಗಿ ಹೇಳಿದಳು. ಕೊನೆಗೆ ಬಂದದ್ದು ಸುಬೇದಾರರ ದನಿ: “ಬಿಟ್ಟರು. ಬರುತ್ತಿದ್ದೇವೆ.”

ಅವರು ಬಂದಾಗ ಇನ್ನೂ ಬೆಳಕಿತ್ತು. ಸಮವಸ್ತ್ರದ ತುಂಬ ಸಗಣಿಯ ಬೂದಿ. ಸಮತಾ ಎದ್ದು ಸೆಲ್ಯೂಟ್ ಹೊಡೆದಳು. ಅವರು ಅವಳನ್ನು ದಿಟ್ಟಿಸಿ, “ಸೇಫ್ಟಿ ತೆಗೆದೆಯಲ್ಲ, ಅದನ್ನು ನಾನು ನೋಡಿದ್ದೇನೆ,” ಎಂದರು. ಅವಳು ತಲೆ ತಗ್ಗಿಸಿದಳು. “ಅಜ್ಜಿಯನ್ನು ಹತ್ತಿಸಿದ್ದು ನನ್ನ ಅಪ್ಪಣೆ ಅಂತ ಬರೆಸುತ್ತೇನೆ. ಆದರೆ ಆ ಬೆರಳಿನ ಬಗ್ಗೆ ನೀನೇ ವಿಚಾರ ಮಾಡಬೇಕು.” ಒಂದು ಹೆಜ್ಜೆ ಹೋಗಿ ತಿರುಗಿದರು. “ಹಾಲು ಕೊಟ್ಟರು. ಒಳ್ಳೆಯ ಹಾಲು.”

ದೊಡ್ಡ ಕ್ಯಾಂಪಿನಲ್ಲಿ ಫೋನು ಚೆನ್ನಾಗಿ ಹತ್ತುತ್ತಿತ್ತು. ಸಮತಾ ಮೊದಲು ಅವ್ವನಿಗೆ ಹಚ್ಚಲಿಲ್ಲ, ಗಂಡನಿಗೂ ಹಚ್ಚಲಿಲ್ಲ. ಅತ್ತೆಗೇ ಹಚ್ಚಿದಳು. ಮುಂಜಾನೆಯಿಂದ ಕೂಡಿಸಿಟ್ಟ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

“ಅತ್ತಿ, ಕೂಸು ಉಂಡೈತೇನ್ರಿ?”

ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದ ದ್ಯಾಮವ್ವನಿಗೆ ಈ ಪ್ರಶ್ನೆ ಬೇಕಾಗಿರಲಿಲ್ಲ. “ಉಂಡೈತಿ. ಹೋಳಿಗಿ ಹಾಲಾಗ ಕಲಿಸಿ ಉಣಿಸೇನಿ. ಈಗ ಮಕ್ಕೊಂಡೈತಿ,” ಎಂದಳು. ಆಮೇಲೆ ತಡೆಯಲಾರದೆ, “ನಿಮ್ಮವ್ವ ಭತ್ತಾ ಕೊಯ್ಯಾಕ ಹೊಕ್ಕಾಳ. ಕೂಸಿನ್ನ ಬದುವಿನ ಮ್ಯಾಲ ಕುಂದ್ರಸ್ತಾಳ. ಹಾವು ಹುಳಾ ಏನಾರ ಮುಟ್ಟಿದ್ರ? ನಾ ಸುಮ್ನ ಕುಂದ್ರಬೇಕೇನು?”

ಸಮತಾಳಿಗೆ ಇದು ಗೊತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ. “ಹೇಳಿ ಒಯ್ಯಬೇಕಾಗಿತ್ತರಿ,” ಎಂದಳು.

“ಹೇಳಿದ್ರ ನೀ ಕೊಡ್ತಿದ್ದೇನು?”

“ಇಲ್ರಿ.”

“ಮತ್ತ?”

“ಸುಗ್ಗಿ ಮುಗಿಯೂತನಕ ನಿಮ್ಮ ಕಡೆ ಇರಲಿ. ಆಮ್ಯಾಲ ಅವ್ವನ ಕಡೆ ಬಿಟ್ಟು ಬರ್ರಿ. ನೀವ ಸ್ವತಾ ಹೋಗಿ ಬಿಟ್ಟು ಬರಬೇಕು. ಇವರನ್ನ ಕಳಸಬ್ಯಾಡ್ರಿ.”

“ನೋಡೂಣು,” ಎಂದಳು ದ್ಯಾಮವ್ವ. ಒಪ್ಪಿದ ಹಾಗೂ ಅಲ್ಲ, ಒಪ್ಪದ ಹಾಗೂ ಅಲ್ಲ. ಫೋನು ಇಡುವ ಮುಂಚೆ ಕೇಳಿದಳು: “ನೀ ಉಂಡಿಯೇನು?”

ಅಚೋಲಳ ಕೂಸು ಚೇತರಿಸಿಕೊಳ್ಳಲು ಐದಾರು ದಿನ ಹಿಡಿಯಿತು. ಅಷ್ಟೂ ದಿನ ಅತ್ತೆ ಸೊಸೆ ಇಬ್ಬರೂ ಒಂದೇ ಡೇರೆಯಲ್ಲಿದ್ದರು, ಒಬ್ಬರಿಗೊಬ್ಬರು ಬೆನ್ನು ಮಾಡಿ. ಆಸ್ಪತ್ರೆಯಿಂದ ಬಿಡುವ ದಿನ ಸುಬೇದಾರರು ಮಾಬಿಯೋರನ ಮೂಲಕ ಅಚೋಲಳನ್ನು ಕೇಳಿದರು: ಎಲ್ಲಿಗೆ ಹೋಗುತ್ತೀ? ಅವಳು, ಶಿಬಿರಕ್ಕೆ, ಎಂದಳು. ದನದ ಹಟ್ಟಿಗೆ ಸತ್ತರೂ ಹೋಗುವುದಿಲ್ಲ ಎಂದಳು. ಮುದುಕಿ ಅದನ್ನು ಕೇಳಿಸಿಕೊಂಡಳು. ಎಲ್ಲರೂ ಅವಳು ಕೂಗಾಡುತ್ತಾಳೆ ಎಂದು ಕಾದರು. ಅವಳು ಆಸ್ಪತ್ರೆಯವರು ಕೊಟ್ಟ ಹೊದಿಕೆಯನ್ನು ಗಂಟು ಕಟ್ಟಿಕೊಂಡು ಗಾಡಿ ಹತ್ತಿ ಕೂತಳು.

ಹಟ್ಟಿಯ ಹತ್ತಿರ ನಿಯಾಜ ಗಾಡಿ ನಿಧಾನಿಸಿದ. ದಿಮ್ಮಿ ದಾರಿಯ ಬದಿಗೇ ಇತ್ತು. ಕುವೋಲ್ ಅದರ ಪಕ್ಕ ನಿಂತಿದ್ದ, ಬಂದೂಕು ಹೆಗಲಿಗೆ. ಸಮತಾ ಕೈ ಬಂದೂಕಿನ ಮೇಲೆ ಹೋಗದ ಹಾಗೆ ಎರಡೂ ಅಂಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಮುದುಕಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದೆ ನಡೆ ಎಂದು ನಿಯಾಜನಿಗೆ ಸನ್ನೆ ಮಾಡಿದಳು.

“ಇಳಿಯೂದಿಲ್ಲೇನ್ ಈಕಿ?” ಎಂದ ನಿಯಾಜ.

ಮುದುಕಿ ಮಗನಿಗೆ ಒಂದೇ ಮಾತು ಹೇಳಿದಳು. ಗಾಡಿ ಹಾಯ್ದು ಹೋಗುವ ತನಕ ಅವನು ಅಲುಗಲಿಲ್ಲ. ಕೂಸಿನ ಕಡೆ ನೋಡಿದನೋ ಇಲ್ಲವೋ ಸಮತಾಳಿಗೆ ಕಾಣಲಿಲ್ಲ.

“ಏನಂದಳು?” ಎಂದು ಮಾಬಿಯೋರನನ್ನು ಕೇಳಿದಳು.

“ದನ ನೋಡಿಕೋ ಅಂದಳು.”

ಶಿಬಿರದ ಬಾಗಿಲಲ್ಲಿ ಕಾವಲಿನವನು ಮುದುಕಿಯನ್ನು ತಡೆದ. ಅವಳ ಹಣೆಯ ಮೇಲೆ ಕೊಯ್ದ ಗೆರೆಗಳನ್ನು ನೋಡಿಯೇ ಯಾವ ಪಂಗಡವೆಂದು ಅವನಿಗೆ ತಿಳಿದಿತ್ತು. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬೇಲಿಯ ಹತ್ತಿರ ನಿಂತರು. ಅವರಲ್ಲಿ ಗಂಡ ಮಕ್ಕಳನ್ನು ಕಳಕೊಂಡವರಿದ್ದರು. ಕಳಕೊಂಡದ್ದು ಯಾರಿಂದ ಎಂಬುದೂ ನೆನಪಿದ್ದವರು. ಮುದುಕಿ ತನ್ನ ಗಂಟನ್ನು ತಲೆಯ ಮೇಲೆ ಹೊತ್ತು, ಆ ಮುಖಗಳ ಮುಂದೆ ನೆಟ್ಟಗೆ ನಿಂತಿದ್ದಳು. ಕಾವಲಿನವನು ಅಚೋಲಳನ್ನು ಕೇಳಿದ, ಇವಳು ಯಾರು?

ಅಚೋಲ್ ಬೇಲಿಯ ಹೆಂಗಸರನ್ನು ನೋಡಿದಳು. ಆಮೇಲೆ ಕೂಸನ್ನು ಸೊಂಟಕ್ಕೆ ಸರಿಸಿಕೊಂಡು, ಇನ್ನೊಂದು ಕೈಯಿಂದ ಮುದುಕಿಯ ತಲೆಯ ಗಂಟನ್ನು ಇಳಿಸಿ ತನ್ನ ತಲೆಗೆ ಏರಿಸಿಕೊಂಡು, ಕಾವಲಿನವನನ್ನು ಹಾಯ್ದು ಒಳಗೆ ನಡೆದಳು. ಮುದುಕಿ ಅವಳ ಹಿಂದೆ ಹೋದಳು. ಹೆಂಗಸರು ದಾರಿ ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಬಿಟ್ಟರು.